ಎಲೆ ಕಾಣುವವರಿಗೆ ಮಾತಿಲ್ಲ: ಆನ್‌ಲೈನ್ ಇಸ್ಪೀಟಿನಲ್ಲಿ ಪ್ರೇಕ್ಷಕರನ್ನೂ ಚಾಟನ್ನೂ ನಿಭಾಯಿಸುವ ಬಗೆ

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುವಾಗ ಯಾರೂ ಬರೆದಿಡದ ಕಟ್ಟಳೆಯೊಂದಿತ್ತು. ಆಟಗಾರರ ಬೆನ್ನ ಹಿಂದೆ ಕುಳಿತು ಎಲೆ ನೋಡುವವರ ಮುಂದೆ ಕವಳದ (ತಾಂಬೂಲದ) ತಟ್ಟೆ ಸರಿಯುತ್ತಿತ್ತು. ಬಾಯಿ ತುಂಬ ಕವಳವಿದ್ದವರು ಮಾತನಾಡಲಾರರು. ತುರುಪು ಯಾವುದು, ಗುಲಾಮ ಯಾರ ಕೈಯಲ್ಲಿದ್ದಾನೆ ಎಂಬುದೆಲ್ಲ ಕಣ್ಣಿಗೆ ಬಿದ್ದರೂ ಆಟ ಮುಗಿಯುವವರೆಗೆ ಅವರು ಹೂಂ ಎನ್ನುವಂತಿರಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಆಟ ಮೊಬೈಲಿಗೆ ಬಂತು. ಕಾರವಾರದ ಅಕ್ಕ, ಕುಮಟಾದ ಭಾವ, ಸಿದ್ದಾಪುರದ ಅತ್ತೆ, ಬೆಂಗಳೂರಿನಲ್ಲಿರುವ ತಮ್ಮಂದಿರು ಒಂದೇ ಟೇಬಲ್ಲಿಗೆ ಕೂತರು. ಪ್ರೇಕ್ಷಕರೂ ಬಂದರು. ಕವಳದ ತಟ್ಟೆ ಮಾತ್ರ ಬರಲಿಲ್ಲ.

ಅದರ ಫಲ ಎರಡನೇ ತಿಂಗಳಲ್ಲೇ ಕಂಡಿತು. ಆಟ ತಿಳಿಯದವರಿಗಾಗಿ ಎರಡು ಮಾತು: ಇಪ್ಪತ್ತೆಂಟರಲ್ಲಿ 32 ಎಲೆ, ನಾಲ್ವರಿಗೆ ಎಂಟೆಂಟು. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಇಸ್ಪೀಟು, ಆಟೀನು, ಡೈಮಂಡು, ಕಳಾವರು ನಾಲ್ಕೂ ಸೇರಿ 28. ಮೊದಲ ನಾಲ್ಕು ಎಲೆ ನೋಡಿಯೇ ಇಷ್ಟು ಅಂಕ ಮಾಡುತ್ತೇನೆಂದು ಕರೆಯಬೇಕು. ಹೆಚ್ಚು ಕರೆದವರು ತುರುಪಿನ, ಅಂದರೆ ಉಳಿದ ಬಣ್ಣಗಳನ್ನು ಮೀರಿಸುವ ಬಣ್ಣದ, ಎಲೆಯನ್ನು ಮುಚ್ಚಿಡುತ್ತಾರೆ. ಅದು ಯಾವುದೆಂದು ಜೊತೆಗಾರರಿಗೂ ಗೊತ್ತಿರುವುದಿಲ್ಲ. ಆಟದ ಜೀವವೇ ಆ ಮುಚ್ಚಿಟ್ಟ ಎಲೆಯಲ್ಲಿದೆ.

ಆ ರಾತ್ರಿ ಅತ್ತೆ ಹದಿನೆಂಟಕ್ಕೆ ಕರೆದು ಆಟೀನನ್ನು ಮುಚ್ಚಿಟ್ಟಿದ್ದರು. ಎರಡನೇ ಸುತ್ತು. ತಮ್ಮ ಕಳಾವರಿನ ಎಕ್ಕ ಇಳಿಸಿದ. ಅತ್ತೆ ಯೋಚಿಸುತ್ತಿದ್ದರು. ಅಷ್ಟರಲ್ಲಿ ಚಾಟಿನಲ್ಲಿ ಒಂದು ಸಾಲು ಮೂಡಿತು: "ಅಯ್ಯೋ ಅತ್ತೆ, ಆಟೀನ್ ಗುಲಾಮ ಭಾವನ ಕೈಯಲ್ಲೇ ಇದ್ದಾನಲ್ಲ!" ನಾಲ್ವರ ಎಲೆಯನ್ನೂ ನೋಡುತ್ತ ಕುಳಿತಿದ್ದ ನೆಂಟರ ಹುಡುಗನೊಬ್ಬ ಮರುಕದಿಂದಲೇ ಬರೆದದ್ದು ಅದು. ತುರುಪೂ ಬಯಲಾಯಿತು, ಗುಲಾಮನೂ ಬಯಲಾದ. ಅರ್ಧ ನಿಮಿಷ ಯಾರೂ ಎಲೆ ಹಾಕಲಿಲ್ಲ. "ಇನ್ನು ಆಡುವುದೇನಿದೆ?" ಎಂದು ಬರೆದು ಅತ್ತೆ ಹೊರಗೆ ಹೋದರು. ಮೂರು ಶನಿವಾರ ಬರಲಿಲ್ಲ.

ನಾನು ಟೇಬಲ್ ನಡೆಸುವುದನ್ನು ನಿಜವಾಗಿ ಕಲಿತದ್ದು ಆ ಮೂರು ವಾರಗಳಲ್ಲಿ. ಕಲಿತದ್ದರ ತಿರುಳು ಇಷ್ಟೇ: ಎಲೆ ಕಾಣುವವರಿಗೆ ಮಾತಿರಬಾರದು, ಮಾತನಾಡುವವರಿಗೆ ಎಲೆ ಕಾಣಬಾರದು. ಮುಂದೆ ಹೇಳುವ ಎಲ್ಲ ಸೆಟ್ಟಿಂಗುಗಳೂ ಈ ಒಂದು ಮಾತನ್ನು ಕಾಯುವುದಕ್ಕಾಗಿಯೇ ಇವೆ. ಬ್ರಿಡ್ಜ್ ಎಂಬ ಇಸ್ಪೀಟಾಟದ 2017ರ ನಿಯಮಾವಳಿಯ 76ನೇ ನಿಯಮ ಪ್ರೇಕ್ಷಕರಿಗಾಗಿಯೇ ಮೀಸಲು. ಅನುಮತಿಯಿಲ್ಲದೆ ಒಬ್ಬರಿಗಿಂತ ಹೆಚ್ಚು ಆಟಗಾರರ ಎಲೆ ನೋಡಬಾರದು, ಆಟ ನಡೆಯುವಾಗ ಮುಖಭಾವದಿಂದಲೂ ಏನನ್ನೂ ತೋರಿಸಬಾರದು, ಪಂದ್ಯದ ನಿರ್ದೇಶಕರು ಕೇಳದೆ ನಿಯಮದ ಬಗ್ಗೆಯಾಗಲಿ ನಡೆದದ್ದರ ಬಗ್ಗೆಯಾಗಲಿ ಬಾಯಿ ತೆರೆಯಬಾರದು ಎಂದು ಅದು ಹೇಳುತ್ತದೆ. ನಮ್ಮ ಜಗುಲಿಯ ಕಟ್ಟಳೆಯೂ ಅದೇ ಆಗಿತ್ತು.

ಮೊದಲ ಹೆಜ್ಜೆ: ಬಾಗಿಲು ತೆರೆಯುವ ಮೊದಲೇ ತೀರ್ಮಾನಿಸಿ

ಎಲೆ ಹಂಚಿದ ಮೇಲೆ ನಿಯಮ ಹೇಳಿದರೆ ಅದು ಯಾರೋ ಒಬ್ಬರ ವಿರುದ್ಧ ಹೇಳಿದಂತಾಗುತ್ತದೆ. ಹಂಚುವ ಮೊದಲು ಹೇಳಿದರೆ ಎಲ್ಲರದೂ ಆಗುತ್ತದೆ. ಹಾಗಾಗಿ ಟೇಬಲ್ ತೆರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ಯಾರು ನೋಡಬಹುದು? ನೋಡುವವರಿಗೆ ಏನು ಕಾಣಬೇಕು? ಅವರು ಬರೆದದ್ದು ಯಾರಿಗೆ ತಲುಪಬೇಕು?

ಬ್ರಿಡ್ಜ್ ಆಡುವವರು ಬಳಸುವ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಇವಕ್ಕೆಲ್ಲ ಪ್ರತ್ಯೇಕ ಗುಂಡಿಗಳಿವೆ. ಟೇಬಲ್ ತೆರೆಯುವಾಗಲೇ ಪ್ರೇಕ್ಷಕರು ಬೇಕೇ, ಅವರು ಅನುಮತಿ ಕೇಳಿಯೇ ಬರಬೇಕೇ, ಆಟಗಾರರೊಂದಿಗೆ ಚಾಟ್ ಮಾಡಬಹುದೇ ಎಂಬುದನ್ನು ಆರಿಸಬಹುದು. ಟೇಬಲ್ಲನ್ನೇ ಪಟ್ಟಿಯಲ್ಲಿ ಕಾಣದಂತೆ ಮಾಡಲೂಬಹುದು. ಮನೆಮಂದಿಯ ಆಟವಾದರೆ ಪ್ರೇಕ್ಷಕರು ಅನುಮತಿ ಕೇಳಿ ಬರಲಿ, ಚಾಟ್ ಬೇಡ ಎಂಬುದು ನನ್ನ ಆಯ್ಕೆ. ಪ್ರೇಕ್ಷಕರೇ ಬೇಡವೆನ್ನುವುದು ಸುಲಭ, ಆದರೆ ಹೊಸಬರು ಆಟ ಕಲಿಯುವುದೇ ನೋಡಿ.

ಇಪ್ಪತ್ತೆಂಟು, ಐವತ್ತಾರು, ರಮ್ಮಿಗಳ ಸಣ್ಣ ಆ್ಯಪ್‌ಗಳಲ್ಲಿ ಇಷ್ಟು ಸೌಲಭ್ಯವಿರುವುದು ಅಪರೂಪ. ಅಲ್ಲಿ ಖಾಸಗಿ ರೂಮ್ ಮಾಡಿ, ಕೋಡನ್ನು ಪ್ರತಿ ವಾರ ಬದಲಿಸಿ. ಆಟಕ್ಕೆ ಹತ್ತು ನಿಮಿಷ ಇರುವಾಗ ಒಬ್ಬೊಬ್ಬರಿಗೇ ಕಳುಹಿಸಿ. ಕುಟುಂಬದ ಐವತ್ತು ಜನರ ಗುಂಪಿನಲ್ಲೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೋ ಕೋಡ್ ಹಾಕಿದರೆ ಊರ ಬಾಗಿಲು ತೆರೆದಿಟ್ಟಂತೆ. ಪ್ರೇಕ್ಷಕರಿಗೆ ನಾಲ್ವರ ಎಲೆಯನ್ನೂ ತೋರಿಸುವ ಆ್ಯಪ್ ಆದರೆ, ಆ ನೋಟವನ್ನು ನಿಲ್ಲಿಸಲು ಸಾಧ್ಯವೇ ಎಂದು ಮೊದಲು ಹುಡುಕಿ. ಸಾಧ್ಯವಿಲ್ಲದಿದ್ದರೆ ಅಲ್ಲಿ ಪ್ರೇಕ್ಷಕರನ್ನು ಕೂರಿಸಬೇಡಿ.

ಹೆಸರಿಲ್ಲದ ಖಾತೆಯನ್ನು ಒಳಗೆ ಬಿಡಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 2020ರಲ್ಲಿ ಬ್ರಿಡ್ಜ್ ಪಂದ್ಯಗಳೆಲ್ಲ ಆನ್‌ಲೈನ್ ಆದಾಗ ಕೆಲವು ಆಟಗಾರರು ಎರಡನೇ ಖಾತೆಯಿಂದ ತಮ್ಮದೇ ಟೇಬಲ್ಲಿಗೆ ಪ್ರೇಕ್ಷಕರಾಗಿ ಬಂದು ಎಲ್ಲರ ಎಲೆ ನೋಡಿಕೊಂಡರು. ಜಗತ್ತಿನಾದ್ಯಂತ ದೊಡ್ಡ ತಲೆನೋವಾಯಿತು ಅದು. ಅಪರಿಚಿತ ಖಾತೆಯೊಂದು ಒಬ್ಬ ಆಟಗಾರರು ಬಂದಾಗಲೇ ಬಂದು, ಹೋದಾಗಲೇ ಹೋಗುತ್ತಿದ್ದರೆ ಗಮನವಿಡಿ. ಆದರೆ ಒಂದೆರಡು ಸಲದ ಕಾಕತಾಳೀಯಕ್ಕೆ ಯಾರ ಮೇಲೂ ಆರೋಪ ಹೊರಿಸಬೇಡಿ. ಆ ಖಾತೆಗೆ ಅನುಮತಿ ನಿಲ್ಲಿಸಿ, ಅಷ್ಟು ಸಾಕು.

ಎರಡನೇ ಹೆಜ್ಜೆ: ಮಾತಿಗೆ ಎರಡು ಕೋಣೆ

ಯಕ್ಷಗಾನದಲ್ಲಿ ಚೌಕಿ (ಬಣ್ಣದ ಮನೆ) ಬೇರೆ, ರಂಗಸ್ಥಳ ಬೇರೆ, ಪ್ರೇಕ್ಷಕರ ಅಂಗಳ ಬೇರೆ. ಅಂಗಳದಲ್ಲಿ ಕುಳಿತವರು ವೇಷಧಾರಿಯನ್ನು ಮಾತನಾಡಿಸಲು ರಂಗಸ್ಥಳ ಹತ್ತುವುದಿಲ್ಲ. ಆನ್‌ಲೈನ್ ಟೇಬಲ್ಲಿಗೂ ಹೀಗೆ ಜಾಗ ಬೇರೆ ಮಾಡಿಕೊಡಬೇಕು.

ನಾವು ಎರಡು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಒಂದು ಆಡುವವರದು. ಅಲ್ಲಿ "ಕರೆಂಟ್ ಹೋಯಿತು", "ಎರಡು ನಿಮಿಷ" ಎಂಬಂಥ ಮಾತು ಮಾತ್ರ. ಇನ್ನೊಂದು ನೋಡುವವರದು, ಆಟಗಾರರು ಅದರ ಸದಸ್ಯರೇ ಅಲ್ಲ. ಅಲ್ಲಿ ಎಲೆಯ ಬಗ್ಗೆ ಎಷ್ಟು ಬೇಕಾದರೂ ಕೂಗಾಡಬಹುದು. ಮೊದಲು ಒಂದೇ ಗುಂಪಿಟ್ಟು, ಆಟದ ಹೊತ್ತಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಮಾಡಿದ್ದೆವು. ಅದರಿಂದ ಗುಂಪೇನೋ ಮೌನವಾಯಿತು, ಆದರೆ ಜನ ಆಟಗಾರರಿಗೆ ನೇರವಾಗಿ ಸಂದೇಶ ಕಳುಹಿಸತೊಡಗಿದರು. ಹೇಳಬೇಕೆಂಬ ಆಸೆಗೆ ಒಂದು ಜಾಗ ಬೇಕು. ಜಾಗ ಕೊಟ್ಟ ಮೇಲೆ ಆ ಕಳ್ಳದಾರಿ ತಾನಾಗಿ ನಿಂತಿತು.

ಮುಖ ನೋಡಿ ಮಾತನಾಡಲೆಂದು ಪಕ್ಕದಲ್ಲಿ ಜೂಮ್ ಇಟ್ಟುಕೊಳ್ಳುವವರು ಕಾಯುವ ಕೋಣೆಯನ್ನು ಚಾಲನೆಯಲ್ಲಿಡಿ. ಚಾಟನ್ನು ಹೋಸ್ಟ್‌ಗೆ ಮಾತ್ರ ಹೋಗುವಂತೆ ಬದಲಿಸಿ, ಎಲ್ಲರೂ ಬಂದ ಮೇಲೆ ಸಭೆಗೆ ಬೀಗ ಹಾಕಿ. ಒಬ್ಬರಿಂದೊಬ್ಬರಿಗೆ ಹೋಗುವ ಗುಟ್ಟಿನ ಚಾಟನ್ನು ಮರೆಯದೆ ಮುಚ್ಚಿ. ಸಾರ್ವಜನಿಕವಾಗಿ ಬರೆದ ಸುಳಿವು ಎಲ್ಲರಿಗೂ ಕಾಣುತ್ತದೆ, ಸರಿಪಡಿಸಬಹುದು. ಒಬ್ಬರಿಗೆ ಮಾತ್ರ ಹೋದ ಸುಳಿವು ಆಟವನ್ನು ಒಳಗಿಂದಲೇ ಕೊರೆಯುತ್ತದೆ.

ಮನೆಯೊಳಗಿನ ಪ್ರೇಕ್ಷಕರು

ಯಾವ ಸೆಟ್ಟಿಂಗಿಗೂ ಸಿಗದ ಪ್ರೇಕ್ಷಕರು ಆಟಗಾರರ ಸೋಫಾದ ಹಿಂದೆಯೇ ನಿಂತಿರುತ್ತಾರೆ. ಮೈಕ್ ತೆರೆದಿರುತ್ತದೆ. ಹೆಗಲ ಮೇಲಿಂದ ಬಗ್ಗಿ ನೋಡಿದ ಮೊಮ್ಮಗಳು "ಅಜ್ಜಾ, ನಿನಗೆ ಎರಡು ಗುಲಾಮ ಬಂದಿದೆ!" ಎಂದು ಕೂಗಿದರೆ ನಾಲ್ಕು ಊರುಗಳಿಗೆ ಕೇಳುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯ ಮನೆಗಳಲ್ಲಿ ನೆಂಟರು ತುಂಬಿರುತ್ತಾರೆ. ಆಗ ನಾವು ಟೇಬಲ್ಲನ್ನೇ ಇಡುವುದಿಲ್ಲ. ಉಳಿದ ದಿನಗಳಲ್ಲಿ ಇಯರ್‌ಫೋನ್, ಮಾತನಾಡುವಾಗ ಮಾತ್ರ ಮೈಕ್, ಗೋಡೆಗೆ ಬೆನ್ನು. ಇಷ್ಟರಿಂದಲೇ ಹೆಚ್ಚಿನ ಸೋರಿಕೆ ನಿಲ್ಲುತ್ತದೆ. ಮಕ್ಕಳನ್ನು ಗದರಿಸಬೇಡಿ. ಮೊಮ್ಮಗಳಿಗೆ ಅಂಕ ಬರೆಯುವ ಕೆಲಸ ಕೊಟ್ಟರೆ ಅವಳ ಕಣ್ಣು ಕಾಗದದ ಮೇಲಿರುತ್ತದೆ.

ಮೂರನೇ ಹೆಜ್ಜೆ: ಆಡದ ಒಬ್ಬರು ಚಾಟ್ ಕಾಯಲಿ

ಆಡುತ್ತ ಚಾಟ್ ಕಾಯುವುದು ಆಗದ ಮಾತು. ನಾನು ಪ್ರಯತ್ನಿಸಿದ್ದೇನೆ, ಎರಡೂ ಕೆಡುತ್ತವೆ. ಆ ವಾರ ಆಡದವರೊಬ್ಬರಿಗೆ ಮ್ಯೂಟ್ ಮಾಡುವ, ಹೊರಹಾಕುವ ಅಧಿಕಾರ ಕೊಡಿ. ಆ ರಾತ್ರಿಗೆ ಅವರ ಮಾತೇ ಕೊನೆ.

ನಮ್ಮ ಜಿಲ್ಲೆಯಲ್ಲಿ ಇವರಿಗೆ ಇರಬೇಕಾದ ಒಂದು ಅರ್ಹತೆ ಎಂದರೆ ಭಾಷೆ. ಕಾರವಾರ, ಅಂಕೋಲಾ ಕಡೆಯವರು ಕೊಂಕಣಿಗೆ ಹೊರಳುತ್ತಾರೆ, ಘಟ್ಟದ ಮೇಲಿನವರು ಹವ್ಯಕ ಕನ್ನಡಕ್ಕೆ. ಅದನ್ನೇ ಕನ್ನಡ ಅಕ್ಷರದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆಯುತ್ತಾರೆ. ಕೊಂಕಣಿ ಬಾರದವರು ಕಾಯುತ್ತಿದ್ದರೆ ಬೈಗುಳವನ್ನು ತಮಾಷೆಯೆಂದೂ, ಸಲಿಗೆಯ ಮಾತನ್ನು ಬೈಗುಳವೆಂದೂ ತಿಳಿಯಬಹುದು. ಇಬ್ಬರನ್ನು ಇಡಲು ಸಾಧ್ಯವಾದರೆ ಕರಾವಳಿಯ ಒಬ್ಬರು, ಘಟ್ಟದ ಒಬ್ಬರು ಇರಲಿ.

ನಾಲ್ಕನೇ ಹೆಜ್ಜೆ: ಎಚ್ಚರಿಕೆ ಹೇಳುವ ರೀತಿ

ಕಿರಿಕಿರಿ ಮಾಡುವವರೆಲ್ಲ ಒಂದೇ ಬಗೆಯವರಲ್ಲ. ಆ ಹುಡುಗನಂತೆ ಪ್ರೀತಿಯಿಂದ ಬಾಯಿ ತಪ್ಪುವವರು ಹೆಚ್ಚು. ಪ್ರತಿ ಎಲೆಗೂ ಟೀಕೆ ಬರೆಯುವ ಬಲ್ಲವರು ಕೆಲವರು. ಯಾರನ್ನೋ ನೋಯಿಸಲೆಂದೇ ಬರುವವರು ತೀರ ಕಡಿಮೆ. ಮೊದಲ ಇಬ್ಬರನ್ನು ಮೂರನೆಯವರಂತೆ ನಡೆಸಿಕೊಂಡರೆ ಒಳ್ಳೆಯ ಆಟಗಾರರನ್ನು ಕಳೆದುಕೊಳ್ಳುತ್ತೀರಿ.

ಮೊದಲ ಎಚ್ಚರಿಕೆ ಯಾವಾಗಲೂ ಖಾಸಗಿಯಾಗಿ ಹೋಗಲಿ. ನಡೆದದ್ದನ್ನು ಹೇಳಿ, ಮನುಷ್ಯನ ಬಗ್ಗೆ ಹೇಳಬೇಡಿ. ನಾನು ಸಾಮಾನ್ಯವಾಗಿ ಬರೆಯುವುದು ಹೀಗೆ: "ಭಾವ, ಈಗ ನೀವು ಡೈಮಂಡಿನ ಬಗ್ಗೆ ಬರೆದದ್ದು ಎಲ್ಲರಿಗೂ ಕಂಡಿತು. ಆಟ ಮುಗಿಯುವವರೆಗೆ ಎಲೆಯ ವಿಷಯ ಬೇಡ. ಮುಗಿದ ಕೂಡಲೇ ನಿಮ್ಮ ಅಭಿಪ್ರಾಯ ನಾನೇ ಕೇಳುತ್ತೇನೆ." ಕೊನೆಯ ಸಾಲನ್ನು ಬಿಡಬೇಡಿ, ಬರೆದ ಮೇಲೆ ಕೇಳುವುದನ್ನೂ ಮರೆಯಬೇಡಿ. "ನಿಮಗೆ ಎಷ್ಟು ಸಲ ಹೇಳಬೇಕು" ಎಂದು ಎಲ್ಲರೆದುರು ಬರೆದರೆ ಹಿರಿಯರಿಗೆ ಅವಮಾನವಾಗುತ್ತದೆ. ಅವಮಾನವಾದವರು ತೆಪ್ಪಗಿರುವುದಿಲ್ಲ, ವಾದಕ್ಕಿಳಿಯುತ್ತಾರೆ. ಅಲ್ಲಿಗೆ ಆಟ ಮುಗಿಯಿತು.

ಎರಡನೇ ಸಲವಾದರೆ ಆ ರಾತ್ರಿಯ ಮಟ್ಟಿಗೆ ಮ್ಯೂಟ್. ವಿವರಣೆ ಬೇಡ, ಚರ್ಚೆ ಬೇಡ. ಮೂರನೇ ಸಲಕ್ಕೆ ಎರಡು ವಾರ ಪ್ರೇಕ್ಷಕರ ಜಾಗವಿಲ್ಲ. ಅವಧಿಯನ್ನು ಮೊದಲೇ ಹೇಳಿ, ಮುಗಿದ ದಿನ ನೀವೇ ಕರೆಯಿರಿ. ಕರೆಯದೆ ಬಿಟ್ಟರೆ ಅದು ಬಹಿಷ್ಕಾರವಾಗುತ್ತದೆ. ಸಣ್ಣ ಊರುಗಳಲ್ಲಿ ಅದು ಮದುವೆ ಮನೆಯವರೆಗೂ ಹೋಗುತ್ತದೆ.

ಜಾತಿ, ಹೆಂಗಸರ ಮಾನ, ಯಾರದೋ ಅಂಗವೈಕಲ್ಯ ಎತ್ತಿ ಆಡಿದವರಿಗೆ ಈ ಮೆಟ್ಟಿಲುಗಳಿಲ್ಲ. ಅವರನ್ನು ಆ ಕ್ಷಣವೇ ಹೊರಹಾಕಿ.

ಸುಳಿವು ಸೋರಿದ ಮೇಲೆ ಏನು ಮಾಡಬೇಕು

ಹೆಚ್ಚಿನ ಹೋಸ್ಟ್‌ಗಳು ಎಡವುವುದು ಇಲ್ಲಿ. ಬರೆದವರನ್ನು ಬೈಯುವುದರಲ್ಲಿ ಹೊತ್ತು ಕಳೆದು, ಕೆಟ್ಟ ಆಟವನ್ನು ಹಾಗೆಯೇ ಮುಂದುವರಿಸುತ್ತಾರೆ. ಬ್ರಿಡ್ಜ್ ನಿಯಮಾವಳಿ ಇಂಥ ಹೊರಗಿನ ಮಾಹಿತಿಗೆ 16ನೇ ನಿಯಮದಲ್ಲಿ ದಾರಿ ಹೇಳಿದೆ: ಅಕಸ್ಮಾತ್ತಾಗಿ ಮಾಹಿತಿ ಕಿವಿಗೆ ಬಿದ್ದ ಆಟಗಾರರು ತಕ್ಷಣ ನಿರ್ದೇಶಕರಿಗೆ ತಿಳಿಸಬೇಕು. ಮುಂದಿನದು ನಿರ್ದೇಶಕರ ತೀರ್ಮಾನ.

ನಮ್ಮ ಇಪ್ಪತ್ತೆಂಟಿಗೆ ಇದನ್ನು ಹೀಗೆ ಹೊಂದಿಸಿಕೊಂಡಿದ್ದೇವೆ. ಕರೆಯುವುದು ಮುಗಿಯುವ ಮೊದಲು ಸುಳಿವು ಬಂದರೆ ಎಲೆ ಒಟ್ಟುಮಾಡಿ ಮತ್ತೆ ಹಂಚುವುದು. ತುರುಪು ಇನ್ನೂ ಮುಚ್ಚಿರುವಾಗ ತುರುಪಿನ ಬಗ್ಗೆಯೋ ಅದರ ಗುಲಾಮ, ಒಂಬತ್ತಿನ ಬಗ್ಗೆಯೋ ಬಂದರೆ ಆ ಕೈ (ಒಮ್ಮೆ ಹಂಚಿದ ಎಲೆಗಳ ಆಟ) ರದ್ದು, ಯಾರಿಗೂ ಅಂಕವಿಲ್ಲ. ಏಕೆಂದರೆ ಆ ಎರಡು ಎಲೆ ಸೇರಿದರೇ ಐದು ಅಂಕ, ಹದಿನೆಂಟಕ್ಕೆ ಕರೆದವರ ಸೋಲು ಗೆಲುವು ಅಷ್ಟರಲ್ಲೇ ನಿಂತಿರುತ್ತದೆ. ಕೊನೆಯ ಎರಡು ಸುತ್ತಿನಲ್ಲಿ ಬಂದ ಸುಳಿವಿಗೆ ಆಟ ನಿಲ್ಲಿಸುವುದಿಲ್ಲ, ಅಷ್ಟು ಹೊತ್ತಿಗೆ ಎಲೆ ಎಣಿಸುವವರಿಗೆ ಉಳಿದದ್ದು ಗೊತ್ತೇ ಇರುತ್ತದೆ. ಯಾವ ಸಂದರ್ಭದಲ್ಲೂ ಸುಳಿವು ಪಡೆದ ಆಟಗಾರರನ್ನು ದೂರಬಾರದು. ಅವರು ಕೇಳಿರಲಿಲ್ಲ.

ಅತ್ತೆಯ ಆ ಕೈಯನ್ನು ನಾನು ರದ್ದು ಮಾಡಿರಲಿಲ್ಲ. ಆಗ ಈ ನಿಯಮವಿರಲಿಲ್ಲ. ಅವರು ಎದ್ದು ಹೋದದ್ದು ಹುಡುಗನ ಮಾತಿಗಲ್ಲ, ನಾನು ಏನೂ ಮಾಡದೆ ಸುಮ್ಮನಿದ್ದುದಕ್ಕೆ ಎಂದು ಆಮೇಲೆ ಫೋನಿನಲ್ಲಿ ಹೇಳಿದರು.

ನಿಧಾನಕ್ಕೆ ಅಣಕ ಬೇಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಮಳೆ ಗೊತ್ತಿದ್ದದ್ದೇ. ಮರ ಬಿದ್ದು ತಂತಿ ಹರಿಯುತ್ತದೆ, ಕರೆಂಟಿಲ್ಲದೆ ಟವರ್ ನಿಲ್ಲುತ್ತದೆ. ದೇವಿಮನೆ ಘಟ್ಟದ ಆಚೀಚೆಯ ಮನೆಗಳಲ್ಲಿ ಒಂದು ಗೀಟು ಸಿಗ್ನಲ್ ಸಿಗುವ ಕಿಟಕಿ ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲಿ ನಿಂತು ಆಡುವ ಹಿರಿಯರಿಗೆ ಬೆಂಗಳೂರಿನಲ್ಲಿ ಕುಳಿತವರು "ನಿದ್ದೆ ಬಂತೇ?" ಎಂದು ಬರೆಯುವುದು, ಗಡಿಯಾರದ ಚಿತ್ರ ಸಾಲಾಗಿ ಕಳುಹಿಸುವುದು ನನಗೆ ಸಹಿಸಲಾಗದ ಸಂಗತಿ. ಸುಳಿವು ಕೊಡುವವರಿಗಿಂತ ಇವರಿಂದಲೇ ಟೇಬಲ್ ಹೆಚ್ಚು ಜನರನ್ನು ಕಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಆ್ಯಪಿನ ಗಡಿಯಾರವನ್ನು ಸಾಧ್ಯವಾದಷ್ಟು ಉದ್ದ ಮಾಡಿ. ಸಂಪರ್ಕ ಹೋದರೆ ಎಷ್ಟು ನಿಮಿಷ ಕಾಯುವುದೆಂದು ಮೊದಲೇ ಹೇಳಿ, ನಮ್ಮಲ್ಲಿ ಅದು ಐದು ನಿಮಿಷ. ಆಮೇಲೆ ಬದಲಿ ಆಟಗಾರರು ಕೂರಲಿ. ಬದಲಿಯನ್ನು ಪ್ರೇಕ್ಷಕರಿಂದ ಆರಿಸುವುದಾದರೆ ಆ ಕೈಯ ಎಲೆ ನೋಡಿರದವರನ್ನೇ ಆರಿಸಿ, ಇಲ್ಲವಾದರೆ ಹೊಸ ಕೈಯಿಂದ ಸೇರಿಸಿ.

ನೇರಪ್ರಸಾರ ಮಾಡುವವರಿಗೆ

ಊರಿನ ಪಂದ್ಯವನ್ನು ಯೂಟ್ಯೂಬ್‌ನಲ್ಲಿ ತೋರಿಸುವುದಾದರೆ ಪ್ರಸಾರವನ್ನು ಬೇಕೆಂದೇ ತಡಮಾಡಿ. ಒಬಿಎಸ್ ತಂತ್ರಾಂಶದ ಸುಧಾರಿತ ಸೆಟ್ಟಿಂಗುಗಳಲ್ಲಿ ಇದಕ್ಕೆ ಅವಕಾಶವಿದೆ. ನಮ್ಮಲ್ಲಿ ಒಂದು ಕೈ ಐದಾರು ನಿಮಿಷದಲ್ಲಿ ಮುಗಿಯುತ್ತದೆ, ಹತ್ತು ನಿಮಿಷ ತಡವಿಟ್ಟರೆ ನೋಡುವವರಿಗೆ ಎಲೆ ಕಾಣುವ ಹೊತ್ತಿಗೆ ಆಡುವವರು ಮುಂದಿನ ಕೈಯಲ್ಲಿರುತ್ತಾರೆ. ತಡಮಾಡಲು ಆಗದಿದ್ದರೆ ಇಳಿಸಿದ ಎಲೆಗಳನ್ನು ಮಾತ್ರ ತೋರಿಸಿ. ಚಾಟಿಗೆ ನಿಧಾನ ಮೋಡ್ ಹಾಕಿ. ನಿರ್ಬಂಧಿತ ಪದಗಳ ಪಟ್ಟಿಯಲ್ಲಿ ಬೈಗುಳಗಳನ್ನು ಕನ್ನಡ ಅಕ್ಷರದಲ್ಲೂ, ಇಂಗ್ಲಿಷ್ ಅಕ್ಷರದಲ್ಲಿ ಜನ ಬರೆಯುವ ನಾಲ್ಕಾರು ಕಾಗುಣಿತಗಳಲ್ಲೂ ಸೇರಿಸಿ. ಕೊಂಕಣಿಯದ್ದೂ ಇರಲಿ.

ಚಾಟಿನಲ್ಲಿ ಹಣದ ರಮ್ಮಿಯ ಕೊಂಡಿ ಹಾಕುವವರನ್ನು ಕಂಡ ಕೂಡಲೇ ಅಳಿಸಿ, ಬ್ಲಾಕ್ ಮಾಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಕೌಶಲದ ಆಟವೆಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ನಿಮ್ಮ ಟೇಬಲ್ಲಿನಲ್ಲೂ ಪಣ ಬೇಡ.

ಕಿರಿಕಿರಿ ಕಿರುಕುಳವಾದಾಗ

ನಮ್ಮ ಟೇಬಲ್ಲಿನ ಒಬ್ಬ ಹೆಣ್ಣುಮಗಳಿಗೆ ಪ್ರೇಕ್ಷಕನೊಬ್ಬ ಆಟ ಮುಗಿದ ಮೇಲೂ ಖಾಸಗಿ ಸಂದೇಶ ಕಳುಹಿಸುತ್ತಿದ್ದ. ಬೇಡವೆಂದರೂ ಬೇರೆ ಖಾತೆಯಿಂದ ಬಂದ. ಅವಳು ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಬ್ಲಾಕ್ ಮಾಡಿದ್ದಳು. ದೂರು ಕೊಡಲು ಹೊರಟಾಗ ತೋರಿಸಲು ಏನೂ ಉಳಿದಿರಲಿಲ್ಲ. ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಚಿತ್ರದಲ್ಲಿ ಖಾತೆಯ ಹೆಸರು, ದಿನಾಂಕ, ಸಮಯ ಕಾಣಬೇಕು. ಆ್ಯಪಿನೊಳಗಿನ ದೂರಿನ ಗುಂಡಿಯನ್ನೂ ಒತ್ತಿ.

ಕಿರಿಕಿರಿಯ ಮಾತೆಲ್ಲ ಅಪರಾಧವಲ್ಲ. ಮುಜುಗರ ತರುವ ಸಂದೇಶಕ್ಕೂ ಬಂಧಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಆದರೆ ಬೇಡವೆಂದರೂ ಹೆಣ್ಣೊಬ್ಬಳ ಬೆನ್ನು ಬಿದ್ದು ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಅಶ್ಲೀಲ ಚಿತ್ರ ಕಳುಹಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಹಣ ಕಳೆದುಕೊಂಡಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿ. ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಕಾರವಾರದಲ್ಲಿದೆ. ಹೋಸ್ಟ್ ಆದವರು ಅವಳ ಜೊತೆ ನಿಲ್ಲಬೇಕು. "ಆಟ ಬಿಟ್ಟುಬಿಡು" ಎಂದು ಅವಳಿಗೆ ಹೇಳುವುದು ಪರಿಹಾರವಲ್ಲ, ಹೋಗಬೇಕಾದವನು ಅವನು.

ಕೊನೆಯ ಹೆಜ್ಜೆ: ಬಾಯಿ ಬಿಚ್ಚುವ ಹತ್ತು ನಿಮಿಷ

ತಾಳಮದ್ದಲೆ ಮುಗಿದ ಮೇಲೆ ಚಹಾ ಕುಡಿಯುತ್ತ ಅರ್ಥಧಾರಿಗಳ ಮಾತನ್ನು ಎಳೆ ಎಳೆಯಾಗಿ ಬಿಡಿಸುವುದು ನಮ್ಮವರ ಅಭ್ಯಾಸ. ಅದೇ ಹಸಿವು ಇಸ್ಪೀಟು ನೋಡುವವರಲ್ಲೂ ಇರುತ್ತದೆ. ಪ್ರತಿ ನಾಲ್ಕು ಕೈಗೊಮ್ಮೆ ಹತ್ತು ನಿಮಿಷ ಆಟ ನಿಲ್ಲಿಸಿ ಎರಡೂ ಕೋಣೆಗಳ ಬಾಗಿಲು ತೆರೆಯಿರಿ. ಮುಗಿದ ಕೈಗಳ ಬಗ್ಗೆ ಯಾರು ಏನನ್ನು ಬೇಕಾದರೂ ಕೇಳಲಿ. ಮೊದಲ ಮಾತು ಕರೆದು ಆಡಿದವರದು, ಆಮೇಲೆ ಪ್ರೇಕ್ಷಕರು. "ಹಾಗೆ ಆಡಬಾರದಿತ್ತು" ಎನ್ನುವ ಬದಲು "ಹಾಗೆ ಏಕೆ ಆಡಿದಿರಿ" ಎಂದು ಕೇಳುವಂತೆ ಹೇಳಿಡಿ.

ನಾಲ್ಕನೇ ಶನಿವಾರ ಅತ್ತೆ ಬಂದರು. ನೆಂಟರ ಹುಡುಗನೂ ಬಂದಿದ್ದ, ನೋಡುವವರ ಗುಂಪಿನಲ್ಲಿ. ಬಾಗಿಲು ತೆರೆದಾಗ ಅವನು ಕೇಳಿದ ಮೊದಲ ಪ್ರಶ್ನೆ: "ಅತ್ತೆ, ಕಳಾವರ್ ಒಂಬತ್ತನ್ನು ಆರನೇ ಸುತ್ತಿನವರೆಗೆ ಏಕೆ ತಡೆದಿಟ್ಟಿರಿ?" ಅತ್ತೆಗೆ ಟೈಪಿಸುವುದು ನಿಧಾನ. ಐದು ನಿಮಿಷ ಎಲ್ಲರೂ ಕಾದೆವು. ಉತ್ತರ ಹನ್ನೊಂದು ಸಾಲು ಬಂತು.